ಗಂಡಾಂತರ ಯಾವಾಗ ವಿಪತ್ತಾಗುತ್ತದೆ?

1958ರ ಜುಲೈನಲ್ಲಿ ಅಲಾಸ್ಕಾದ ಲಿಟುಯಾ ಕೊಲ್ಲಿಯ ಬಳಿ ಭೂಕಂಪವಾಯಿತು. ಬೆಟ್ಟದ ಒಂದು ಮಗ್ಗುಲು ಕಳಚಿ ನೀರಿಗೆ ಬಿತ್ತು. ಎದ್ದ ಅಲೆ ಎದುರು ದಡದ ಬೆಟ್ಟವನ್ನು 524 ಮೀಟರ್ ಎತ್ತರದವರೆಗೆ ಏರಿ, ಮರಗಳನ್ನು ಕಿತ್ತುಕೊಂಡು ಹೋಯಿತು. ದಾಖಲೆಯಲ್ಲಿ ಇದಕ್ಕಿಂತ ಎತ್ತರ ಏರಿದ ಅಲೆ ಇಲ್ಲ. ಆ ಕೊಲ್ಲಿಯಲ್ಲಿ ಸತ್ತವರು ದೋಣಿಯಲ್ಲಿದ್ದ ಇಬ್ಬರು. 2004ರ ಹಿಂದೂ ಮಹಾಸಾಗರದ ಸುನಾಮಿಯ ಅಲೆಗಳು ಈ ಎತ್ತರದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದು 2 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಗಂಡಾಂತರಕ್ಕೂ ವಿಪತ್ತಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಹಾನಿ ಮಾಡಬಲ್ಲ ಘಟನೆ ಅಥವಾ ಸ್ಥಿತಿ ಗಂಡಾಂತರ: ಭೂಕಂಪ, ಚಂಡಮಾರುತ, ನೆರೆ, ಬರ, ಕಾರ್ಖಾನೆಯ ವಿಷಾನಿಲ. ಅದು ಜನರಿರುವ ಕಡೆ ಬಂದು, ಆ ಊರು ತನ್ನ ಕೈಲಾದಷ್ಟು ಮಾಡಿದರೂ ತಡೆದುಕೊಳ್ಳಲಾಗದಷ್ಟು ನಷ್ಟ ಮಾಡಿದಾಗ ವಿಪತ್ತು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ವ್ಯಾಖ್ಯೆಯ ಕೊನೆಯ ಭಾಗವನ್ನು ಬಿಡಬೇಡಿ. ನೆರೆ ಬಂತು, ನಾಲ್ಕು ದಿನ ತೊಂದರೆಯಾಯಿತು, ಊರಿನವರೇ ಸಂಭಾಳಿಸಿದರು ಅಂದರೆ ಅದಿನ್ನೂ ವಿಪತ್ತಲ್ಲ.

ಪುಸ್ತಕಗಳಲ್ಲಿ ಒಂದು ಸೂತ್ರ ಇರುತ್ತದೆ. ರಿಸ್ಕ್ (ನಷ್ಟವಾಗುವ ಸಂಭವ) ಅಂದರೆ ಗಂಡಾಂತರ, ಅದರ ದಾರಿಯಲ್ಲಿರುವ ಜನ ಮತ್ತು ಆಸ್ತಿ, ಅವರ ದುರ್ಬಲತೆ (ಹೊಡೆತ ಬಿದ್ದರೆ ಎಷ್ಟು ಸುಲಭವಾಗಿ ಹಾನಿಯಾಗುತ್ತದೆ ಅನ್ನುವುದು), ಈ ಮೂರರ ಗುಣಲಬ್ಧ. ಕೂಡುವುದಲ್ಲ, ಗುಣಿಸುವುದು. ಯಾಕೆಂದರೆ ಮೂರರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಎದುರಿಸುವ ಸಾಮರ್ಥ್ಯವನ್ನು ಕೆಲವರು ಕೆಳಗೆ ಭಾಜಕವಾಗಿ ಹಾಕುತ್ತಾರೆ. ನಿಜವಾದ ಲೆಕ್ಕಕ್ಕಿಂತ ಇದು ಯೋಚಿಸುವ ದಾರಿ ಅಷ್ಟೇ, ಸುಮ್ನೆ ಸಂಖ್ಯೆ ತುಂಬಲು ಹೋಗಬೇಡಿ.

ಸೂತ್ರ ಬಾಯಿಪಾಠವಾದರೆ ಸಾಲದು. 2010ನ್ನು ನೋಡಿ. ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ. ಫೆಬ್ರವರಿ 27ರಂದು ಚಿಲಿಯಲ್ಲಿ 8.8. ಬಿಡುಗಡೆಯಾದ ಶಕ್ತಿಯಲ್ಲಿ ಎರಡನೆಯದು ಮೊದಲನೆಯದರ ಸುಮಾರು 500 ಪಟ್ಟು. ಚಿಲಿಯಲ್ಲಿ ಸುನಾಮಿಯೂ ಸೇರಿ ಸತ್ತವರು 500ರ ಆಸುಪಾಸು. ಹೈಟಿಯಲ್ಲಿ ಅತಿ ಕಡಿಮೆ ಅಂದಾಜೇ ಹತ್ತಾರು ಸಾವಿರ, ಸರ್ಕಾರದ ಲೆಕ್ಕ 3 ಲಕ್ಷ ದಾಟುತ್ತದೆ. ಒಂದು ವಿಷಯ ಒಪ್ಪಿಕೊಳ್ಳಬೇಕು: ಈ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ. ಹೈಟಿಯ ಕಂಪನ ರಾಜಧಾನಿಯಿಂದ ಬರೀ 25 ಕಿ.ಮೀ. ದೂರದಲ್ಲಿ, ಹೆಚ್ಚು ಆಳವೂ ಇಲ್ಲದ ಕಡೆ ಆಯಿತು. ಚಿಲಿಯದು ಕಡಲಿನಡಿ. ಆದರೂ ಇಷ್ಟು ದೊಡ್ಡ ಅಂತರಕ್ಕೆ ದೂರವೊಂದೇ ಕಾರಣ ಅನ್ನಲಾಗದು.

ಕಟ್ಟಡದ ಒಳಗೇ ನೋಡೋಣ. ಕಾಂಕ್ರೀಟು ಭಾರ ಹೊರುವುದರಲ್ಲಿ ಗಟ್ಟಿ, ಎಳೆತಕ್ಕೆ ಸೀಳುತ್ತದೆ. ಅದಕ್ಕೇ ಕಂಬದೊಳಗೆ ಉದ್ದುದ್ದ ಕಂಬಿ, ಅವುಗಳ ಸುತ್ತ ಸಣ್ಣ ಕಂಬಿಯ ರಿಂಗುಗಳು. ನೆಲ ಅಡ್ಡಡ್ಡ ಅಲುಗಿದಾಗ ಕಂಬ ಬಾಗುತ್ತದೆ, ಹೊರಗಿನ ಕಾಂಕ್ರೀಟು ಉದುರುತ್ತದೆ. ಆಗ ಒಳಗಿನದನ್ನು ಹಿಡಿದಿಡುವುದು ಆ ರಿಂಗುಗಳೇ. ರಿಂಗುಗಳ ನಡುವೆ ಅಂತರ ಜಾಸ್ತಿ ಇದ್ದರೆ, ಅಥವಾ ಅವುಗಳ ತುದಿಯನ್ನು ಕಂಬದ ಒಳಕ್ಕೆ ಪೂರ್ತಿ ಮಡಿಸದೆ ಬರೀ 90 ಡಿಗ್ರಿಗೆ ಬಗ್ಗಿಸಿ ಬಿಟ್ಟಿದ್ದರೆ, ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದ ಕಂಬಿಗಳು ಹೊರಕ್ಕೆ ಉಬ್ಬುತ್ತವೆ, ಮೇಲಿನ ಮಹಡಿ ಕೆಳಗಿನದರ ಮೇಲೆ ಕೂತುಬಿಡುತ್ತದೆ. ತುದಿಯನ್ನು 135 ಡಿಗ್ರಿಗೆ ಮಡಿಸಲು ತಗಲುವ ಖರ್ಚು ಏನೂ ಅಲ್ಲ. ಆದರೆ ಹಾಗೆ ಮಡಿಸಿದ್ದಾರಾ ಅಂತ ನೋಡುವವರು ಬೇಕು. 1960ರಲ್ಲಿ 9.5 ತೀವ್ರತೆಯ ಭೂಕಂಪ ಕಂಡ ಚಿಲಿಯಲ್ಲಿ ಕಟ್ಟಡದ ನಿಯಮಗಳಿದ್ದವು, ಅವು ಜಾರಿಯಲ್ಲೂ ಇದ್ದವು. ಹೈಟಿಯಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ದುರ್ಬಲತೆ ಅಂದರೆ ಬಡತನ ಅಂತಷ್ಟೇ ಬರೆದು ಮುಗಿಸುವವರು ಈ ರಿಂಗನ್ನು ನೆನಪಿಟ್ಟುಕೊಳ್ಳಿ.

ಇನ್ನು ಮುನ್ಸೂಚನೆ. ಕೊಲಂಬಿಯಾದ ನೆವಾಡೊ ಡೆಲ್ ರುಯಿಜ್ ಹಿಮ ಹೊದ್ದ ಜ್ವಾಲಾಮುಖಿ. 1985ರ ನವೆಂಬರ್ 13ರ ರಾತ್ರಿ 9ರ ಹೊತ್ತಿಗೆ ಸ್ಫೋಟಿಸಿತು. ಸ್ಫೋಟ ದೊಡ್ಡದೇನಲ್ಲ. ಆದರೆ ಕರಗಿದ ಹಿಮ, ಬೂದಿ, ಕಲ್ಲು ಸೇರಿ ಕೆಸರಿನ ಹೊಳೆಯಾಗಿ ಕಣಿವೆಗಳಲ್ಲಿ ಇಳಿಯಿತು. ಅರ್ಮೆರೊ ಪಟ್ಟಣ ತಲುಪಲು ಅದಕ್ಕೆ ಎರಡು ಗಂಟೆಗೂ ಹೆಚ್ಚು ಬೇಕಾಯಿತು. ಅಷ್ಟು ಹೊತ್ತಿನಲ್ಲಿ ನಡೆದೇ ಎತ್ತರದ ಜಾಗ ಸೇರಬಹುದಿತ್ತು. ಹಿಂದಿನ ತಿಂಗಳಷ್ಟೇ ತಯಾರಾಗಿದ್ದ ನಕ್ಷೆಯಲ್ಲಿ ಅರ್ಮೆರೊ ಕೆಸರಿನ ದಾರಿಯಲ್ಲೇ ಇತ್ತು. 1845ರಲ್ಲೂ ಅದೇ ಜಾಗಕ್ಕೆ ಕೆಸರು ಬಂದಿತ್ತು, ಪಟ್ಟಣ ಎದ್ದಿದ್ದು ಆ ಹಳೇ ಕೆಸರಿನ ಮೇಲೆಯೇ. ಆದರೂ ಊರು ಖಾಲಿಯಾಗಲಿಲ್ಲ. ಸಂಜೆ ಬೂದಿ ಬೀಳುತ್ತಿದ್ದಾಗ ಗಾಬರಿಯಾಗಬೇಡಿ, ಮನೆಯಲ್ಲೇ ಇರಿ ಎಂದು ಜನರಿಗೆ ಹೇಳಲಾಯಿತು. 20 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ವಿಜ್ಞಾನಿಗಳಿಗೆ ಗೊತ್ತಿದ್ದದ್ದು ಮಲಗಿದ್ದವರ ಮನೆ ಬಾಗಿಲಿಗೆ ಬರಲಿಲ್ಲ.

ಇದಕ್ಕೆ ಎದುರು ಉದಾಹರಣೆ ಒಡಿಶಾ. 1999ರ ಅಕ್ಟೋಬರ್‌ನ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10 ಸಾವಿರ ಸಾವು. 2013ರ ಅಕ್ಟೋಬರ್‌ನ ಫೈಲಿನ್ ಕೂಡ ಭಾರೀ ಚಂಡಮಾರುತವೇ, ಆದರೆ ಸಾವು 50 ದಾಟಲಿಲ್ಲ. ನಡುವಿನ ವರ್ಷಗಳಲ್ಲಿ ಕರಾವಳಿಯಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ಊರೂರಲ್ಲಿ ತರಬೇತಿ ನಡೆದಿತ್ತು, ಗಾಳಿ ಬರುವ ಮೊದಲೇ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಬೆಳೆ, ಮನೆಗಳನ್ನು ಮಾತ್ರ ಹೊತ್ತುಕೊಂಡು ಹೋಗಲಾಗುವುದಿಲ್ಲ, ಅಲ್ವಾ? ಆ ನಷ್ಟ ಫೈಲಿನ್‌ನಲ್ಲೂ ದೊಡ್ಡದೇ ಇತ್ತು.

ಹೊಡೆತ ಹೆಚ್ಚಿಸುವ ಉಳಿದ ಕಾರಣಗಳು ನಿಮಗೆ ಗೊತ್ತಿರುವವೇ: ಇಳಿಜಾರಿನಲ್ಲಿ ಕಾಡು ಕಡಿಯುವುದು, ಕೆರೆ ಮುಚ್ಚುವುದು, ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೆಗೆಯುವುದು, ಒಂಟಿಯಾಗಿರುವ ವೃದ್ಧರು (2003ರ ಯುರೋಪಿನ ಬಿಸಿಗಾಳಿಯಲ್ಲಿ ಹೆಚ್ಚು ಸತ್ತವರು ವಯಸ್ಸಾದವರೇ), ಘಟನೆ ರಾತ್ರಿ ನಡೆಯುವುದು.

ಹೆಚ್ಚಿನವರು ಬರೆಯದೆ ಬಿಡುವ ಕಾರಣ ಒಂದಿದೆ: ರಕ್ಷಣೆಗೆಂದು ಕಟ್ಟಿದ್ದೇ ರಿಸ್ಕ್ ಹೆಚ್ಚಿಸಬಹುದು. ನದಿಗೆ ಒಡ್ಡು ಕಟ್ಟಿದರೆ ಸಣ್ಣಪುಟ್ಟ ನೆರೆ ನಿಲ್ಲುತ್ತದೆ. ಇನ್ನು ಭಯವಿಲ್ಲ ಎಂದು ಜನ ಒಡ್ಡಿನ ಬುಡದವರೆಗೂ ಮನೆ ಕಟ್ಟುತ್ತಾರೆ. ಒಡ್ಡು ಮಾತ್ರ ಇಂತಿಷ್ಟು ನೀರಿಗೆ ಎಂದು ಲೆಕ್ಕ ಹಾಕಿ ಕಟ್ಟಿದ್ದು. ಅದನ್ನು ಮೀರಿದ ನೆರೆ ಬಂದ ದಿನ, ಒಡ್ಡು ಇಲ್ಲದಿದ್ದರೆ ಅಲ್ಲಿ ಮನೆಯನ್ನೇ ಕಟ್ಟುತ್ತಿರದಿದ್ದ ಜನ ನೀರಿನ ದಾರಿಯಲ್ಲಿರುತ್ತಾರೆ. ಕಟ್ಟಿದ್ದರಲ್ಲೇ ದೋಷವಿದ್ದರೆ ಅಷ್ಟು ನೀರೂ ಬೇಕಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕೆಲವು ಕಾಲುವೆ ಗೋಡೆಗಳು ನೀರು ಮೇಲಂಚು ಮುಟ್ಟುವ ಮೊದಲೇ ಕುಸಿದವು. ನಗರದ ಸುಮಾರು ಶೇ. 80 ಭಾಗ ಮುಳುಗಿತು.