ಒತ್ತಕ್ಷರದ ನಡುವೆ ಕತ್ತರಿ

ರಶೀದಿಯ ತಂತ್ರಾಂಶ ಬರೆದು ಬದುಕುವವರಿಗೆ ಮಂಗಳೂರಿನಿಂದ ಬೈಂದೂರಿನವರೆಗೆ ಎಲ್ಲಿ ಹೋದರೂ ಎದುರಾಗುವ ಬೇಡಿಕೆ ಇದು: "ಹೆಸರು ಉದ್ದ ಆಗ್ತದೆ ಸರ್. 12 ಅಕ್ಷರಕ್ಕೆ ಕಟ್ ಮಾಡಿ, ಉಳಿದದ್ದನ್ನು ಕೆಳಗಿನ ಸಾಲಿಗೆ ಹಾಕಿ. ಹತ್ತು ನಿಮಿಷದ ಕೆಲಸ." ಹೇಳುವವರು ದೇವಸ್ಥಾನದ ಮ್ಯಾನೇಜರ್ ಇರಬಹುದು, ಸಹಕಾರಿ ಸಂಘದ ಕಾರ್ಯದರ್ಶಿ ಇರಬಹುದು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಕಸುಬಲ್ಲ. ಅವರ ಪಕ್ಕದಲ್ಲೇ ಕೂತು "ಒಂದೇ ಲೈನ್ ಕೋಡ್ ಸರ್, ಈಗಲೇ ಮಾಡಿಕೊಡ್ತೇನೆ" ಎನ್ನುವ ಹುಡುಗನಿದ್ದಾನಲ್ಲ, ಅವನಿಗಾಗಿ ಈ ಬರಹ.

ನಮ್ಮ ಕಡೆ ಪ್ರತಿ ಬೇಸಿಗೆಯಲ್ಲಿ ಎಲ್ಲಾದರೊಂದು ಕಡೆ ಬ್ರಹ್ಮಕಲಶೋತ್ಸವ ಇದ್ದೇ ಇರುತ್ತದೆ. ದೇಣಿಗೆ ರಶೀದಿಯ ಮೇಲೆ ಆ ಹೆಸರು ಬರಲೇಬೇಕು. ಓದುವವರ ಕಣ್ಣಿಗೆ ಅದರಲ್ಲಿ ಏಳೇ ಅಕ್ಷರ: ಬ್ರ, ಹ್ಮ, ಕ, ಲ, ಶೋ, ತ್ಸ, ವ. ಮ್ಯಾನೇಜರ್ ಕೊಟ್ಟ 12ರ ಮಿತಿಯೊಳಗೆ ಅದು ಆರಾಮವಾಗಿ ಕೂರಬೇಕಿತ್ತು. ಆದರೆ ಪೈತಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಎಣಿಸುವ ಲೆನ್ ಅದನ್ನು 14 ಎಂದು ಎಣಿಸುತ್ತದೆ. ಅದು ಎಣಿಸುವುದು ಯೂನಿಕೋಡ್‌ನ ಕೋಡ್ ಪಾಯಿಂಟುಗಳನ್ನು, ಅಂದರೆ ಪ್ರತಿ ಮೂಲಾಕ್ಷರಕ್ಕೂ ಚಿಹ್ನೆಗೂ ಅದು ಕೊಟ್ಟಿರುವ ಒಂದೊಂದು ಸಂಖ್ಯೆಯನ್ನು. ಬ ಒಂದು, ಹಲಂತದ ಚಿಹ್ನೆ ಒಂದು, ರ ಒಂದು, ಹೀಗೆ. ಶೋ ಎನ್ನುವಲ್ಲಿ ಶ ಬೇರೆ, ಓತ್ವ ಬೇರೆ. ಹುಡುಗ 12ಕ್ಕೆ ಕತ್ತರಿ ಹಾಕಿದ. ಬಂದದ್ದು ಮೇಲಿನ ಸಾಲಿನಲ್ಲಿ "ಬ್ರಹ್ಮಕಲಶೋತ್", ಕೆಳಗೆ "ಸವ".

12ರ ಬದಲು 9 ಆಗಿದ್ದರೆ? ಮೇಲೆ "ಬ್ರಹ್ಮಕಲಶ". ಕೆಳಗಿನ ಸಾಲು ಶುರುವಾಗುವುದೇ ಓತ್ವದ ಚಿಹ್ನೆಯಿಂದ. ಆತುಕೊಳ್ಳಲು ವ್ಯಂಜನ ಸಿಗದ ಆ ಚಿಹ್ನೆಯ ಜೊತೆ ಕಂಪ್ಯೂಟರ್ ಚುಕ್ಕಿಗಳ ಒಂದು ವೃತ್ತವನ್ನು ತೋರಿಸುತ್ತದೆ. "ಇದು ಎಂಥ ಮಾರಾಯ್ರೆ, ಚುಕ್ಕಿ ಚುಕ್ಕಿ ಬಂದದ್ದು? ಪ್ರಿಂಟರ್ ಹಾಳಾಯ್ತಾ?" ಎಂದು ನನಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಈ ವೃತ್ತದ ಬಗ್ಗೆಯೇ. ಪ್ರಿಂಟರಿಗೆ ಏನೂ ಆಗಿರುವುದಿಲ್ಲ. ಒಂದು ಕಡೆಯಂತೂ ಹೊಸ ಪ್ರಿಂಟರ್ ತರಿಸಿ, ಅದರಲ್ಲೂ ವೃತ್ತ ಬಂದ ಮೇಲೆಯೇ ನನಗೆ ಫೋನ್ ಮಾಡಿದರು.

ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶವಾದರೆ ಪಾಡು ಇನ್ನೂ ಕೆಟ್ಟದು. ಅಲ್ಲಿನ ವರ್ಡ್‌ರ‍್ಯಾಪ್ ಎಂಬ ಸಾಲು ಮುರಿಯುವ ಆಜ್ಞೆ ಎಣಿಸುವುದು ಬೈಟುಗಳನ್ನು. ಪಠ್ಯವನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ ಮೂರು ಬೈಟು. ಅಂದರೆ ನಮ್ಮ ಏಳು ಅಕ್ಷರದ ಬ್ರಹ್ಮಕಲಶೋತ್ಸವ ಅದರ ಲೆಕ್ಕದಲ್ಲಿ 42. ಸಾಲಿಗೆ 32 ಎಂದು ಹೇಳಿ, ಉದ್ದದ ಪದವನ್ನು ಕತ್ತರಿಸಲು ಅನುಮತಿಯನ್ನೂ ಕೊಟ್ಟರೆ, ಅದು ಹತ್ತು ಕೋಡ್ ಪಾಯಿಂಟುಗಳನ್ನು ದಾಟಿ ಹನ್ನೊಂದನೆಯದಾದ ತಕಾರದ ಎರಡು ಬೈಟು ಈಚೆ, ಒಂದು ಬೈಟು ಆಚೆ ಮಾಡುತ್ತದೆ. ಆಗ ಕಾಣುವುದು ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ.

ಶಂಕರಪುರದ ಮಲ್ಲಿಗೆ ಕೊಂಡವರಿಗೆ ಇದನ್ನು ಹೇಳುವುದು ಸುಲಭ. ಹೂವು ಬೇರೆ, ಚೆಂಡು ಬೇರೆ, ಅಟ್ಟೆ ಬೇರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆಗೆ ಹನ್ನೆರಡು ಅಟ್ಟೆ ಹೇಳಿದವರಿಗೆ ಹನ್ನೆರಡು ಚೆಂಡು ಕೊಟ್ಟು "ಲೆಕ್ಕ ಸರಿ ಉಂಟಲ್ಲ" ಎಂದರೆ ಅಂಗಡಿಯಲ್ಲಿ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತಿದೆ. ಬೈಟು, ಕೋಡ್ ಪಾಯಿಂಟು, ಅಕ್ಷರ ಮೂರೂ ಲೆಕ್ಕಗಳೇ. ಯಾವುದು ಎಲ್ಲಿಗೆ ಎಂದು ಕೇಳದೆ ಕತ್ತರಿ ಎತ್ತಬಾರದು.

ಕೋಡ್ ಪಾಯಿಂಟಿನ ಲೆಕ್ಕವೇ ಸರಿಯಾದ ಜಾಗವೂ ಒಂದಿದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160ರ ಮಿತಿಯಾದರೆ ಕನ್ನಡಕ್ಕೆ 70. ಉದ್ದದ ಸಂದೇಶವನ್ನು ತುಂಡು ಮಾಡಿ ಕಳಿಸುವಾಗ ತುಂಡಿಗೆ 67. ಅಲ್ಲಿ ಬ್ರಹ್ಮಕಲಶೋತ್ಸವ 14ನ್ನು ತಿನ್ನುವುದು ನಿಜ, ದುಡ್ಡು ಕೊಡುವುದೂ ಆ ಲೆಕ್ಕಕ್ಕೇ. ಆದರೆ ಅಲ್ಲಿಯೂ ನೀವಾಗಿ ಕತ್ತರಿಸಲು ಹೋಗಬೇಡಿ. ತುಂಡು ಮಾಡುವುದು, ಆಚೆ ಕಡೆ ಫೋನಿನಲ್ಲಿ ಮತ್ತೆ ಜೋಡಿಸುವುದು ಆ ವ್ಯವಸ್ಥೆಗೇ ಗೊತ್ತು.

ಇನ್ನು ಪೈತಾನಿನ ಟೆಕ್ಸ್ಟ್‌ರ‍್ಯಾಪ್. ಸಾಲು ಮುರಿಯಲೆಂದೇ ಇರುವ ಒಳ್ಳೆಯ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು), ನಾನೂ ಬಳಸುತ್ತೇನೆ. ಅಗಲ ಹೇಳದಿದ್ದರೆ 70 ಎಂದುಕೊಳ್ಳುತ್ತದೆ, ಪದಗಳ ನಡುವಿನ ಖಾಲಿ ಜಾಗದಲ್ಲಿ ಸಾಲು ಮುರಿಯುತ್ತದೆ. ಅಷ್ಟರಮಟ್ಟಿಗೆ ಕನ್ನಡಕ್ಕೂ ತೊಂದರೆಯಿಲ್ಲ. ತೊಂದರೆ ಇರುವುದು ಸಾಲಿಗಿಂತ ಉದ್ದದ ಪದ ಬಂದಾಗ. ಉದ್ದದ ಪದವನ್ನು ಮುರಿಯುವ ಆಯ್ಕೆ ಅದರಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ, ಮುರಿಯುವುದು ಕೋಡ್ ಪಾಯಿಂಟಿನ ಲೆಕ್ಕದಲ್ಲಿ. ಮೊದಲು ಆ ಆಯ್ಕೆಯನ್ನು ಬಂದ್ ಮಾಡಿ. ಪದ ಅಂಚು ದಾಟಿ ಹೊರಗೆ ಹೋದರೆ ಹೋಗಲಿ. ಚುಕ್ಕಿ ವೃತ್ತದ ಸಹವಾಸಕ್ಕಿಂತ ಅದು ಮೇಲು.

ಅದೇ ಮಾಡ್ಯೂಲಿನ ಇನ್ನೊಂದು ಗುಣ ಗೊತ್ತಿಲ್ಲದೆ ಪರದಾಡುವವರೂ ಇದ್ದಾರೆ. ಅದು ಹೊಸ ಸಾಲಿನ ಗುರುತುಗಳನ್ನೆಲ್ಲ ಖಾಲಿ ಜಾಗ ಮಾಡಿಬಿಡುತ್ತದೆ, ಹಾಗಾಗಿ ನಾಲ್ಕು ಸಾಲಿನ ವಿಳಾಸ ಒಂದೇ ಪ್ಯಾರಾ ಆಗುತ್ತದೆ. ಮೊದಲು ಸಾಲು ಸಾಲಾಗಿ ಬಿಡಿಸಿ, ಆಮೇಲೆ ಒಂದೊಂದನ್ನೇ ಅದಕ್ಕೆ ಕೊಡಿ.

ಪದವನ್ನು ಮುರಿಯಲೇಬೇಕಾದರೆ? ಕಾಗದ ಕಿರಿದು, ಪದ ಉದ್ದ, ಬೇರೆ ದಾರಿಯಿಲ್ಲ ಎನ್ನುವ ಸಂದರ್ಭ ನಿಜವಾಗಿಯೂ ಬರುತ್ತದೆ. ಕನ್ನಡ ಪತ್ರಿಕೆಗಳು ಕಿರಿದಾದ ಕಾಲಂಗಳಲ್ಲಿ ಪದಗಳನ್ನು ಮುರಿಯುತ್ತಲೇ ಬಂದಿವೆ. ಆದರೆ ಮುರಿಯುವುದು ಅಕ್ಷರದ ಅಂಚಿನಲ್ಲಿ ಮಾತ್ರ. ವ್ಯಂಜನ, ಅದರ ಒತ್ತುಗಳು, ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಇಷ್ಟೂ ಸೇರಿ ಒಂದು. ರಾಷ್ಟ್ರೀಯ ಎಂಬಲ್ಲಿನ ಷ್ಟ್ರೀ ಆರು ಕೋಡ್ ಪಾಯಿಂಟು, ಆದರೂ ಅದು ಒಂದೇ ಅಕ್ಷರ, ಅದರ ನಡುವೆ ಎಲ್ಲಿಯೂ ಕತ್ತರಿಗೆ ಜಾಗವಿಲ್ಲ. ಕುಂಕುಮಾರ್ಚನೆಯಲ್ಲಿ ಒಂಬತ್ತನೆಯ ಕೋಡ್ ಪಾಯಿಂಟಿಗೆ ಕತ್ತರಿಸಿದರೆ "ಕುಂಕುಮಾರ್" ಮೇಲುಳಿದು "ಚನೆ" ಕೆಳಗೆ ಬೀಳುತ್ತದೆ. ಚುಕ್ಕಿ ವೃತ್ತ ಬರುವುದಿಲ್ಲ, ಯಾರೂ ಫೋನ್ ಮಾಡುವುದಿಲ್ಲ, ಅದಕ್ಕೇ ಇದು ಹೆಚ್ಚು ಅಪಾಯದ್ದು. ಅರ್ಕಾವತ್ತು ಕಳೆದುಹೋದದ್ದು ಓದುವವರಿಗೆ ಮಾತ್ರ ಗೊತ್ತಾಗುತ್ತದೆ.

ಒಂದು ದೇವಸ್ಥಾನದ ಸಮಿತಿಯಲ್ಲಿ ಹಿರಿಯರೊಬ್ಬರಿದ್ದರು. ಬದುಕಿಡೀ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ನಾವು ಸೇವಾ ಕೌಂಟರಿನಲ್ಲಿ ಹೊಸ ತಂತ್ರಾಂಶ ತೋರಿಸುತ್ತಿದ್ದಾಗ, ಬೇರೆಯವರು ಮಾಡಿಕೊಟ್ಟಿದ್ದ ಹಳೆಯ ರಶೀದಿಯೊಂದನ್ನು ಕನ್ನಡಕ ಮೇಲೆತ್ತಿ ನೋಡಿದರು. "ಒತ್ತನ್ನು ಬಿಟ್ಟು ಬರೀ ಮೂಲಾಕ್ಷರ ಸಾಲಿನ ಕೊನೆಗೆ ಹಾಕಿದ್ರೆ ನಮ್ಮ ಮೇಸ್ತ್ರಿ ಮೊಳೆ ಜೋಡಿಸಿದ ಇಡೀ ಗ್ಯಾಲಿ ತಟ್ಟೆ ವಾಪಸ್ ಕಳಿಸ್ತಿದ್ರು. ನಿಮ್ಮ ಕಂಪ್ಯೂಟರಿಗೆ ಮೇಸ್ತ್ರಿ ಇಲ್ವಾ?" ಎಂದರು. ಆಡಳಿತ ಮೊಕ್ತೇಸರರು ನಕ್ಕರು, ನಾನೂ ನಕ್ಕೆ. ನಮ್ಮ ಹುಡುಗನಿಗೆ ಮಾತ್ರ ನಗು ಬರಲಿಲ್ಲ, ಪುಣ್ಯಕ್ಕೆ. ಅವತ್ತು ಸಂಜೆ ಆ ಹಿರಿಯರ ಪಕ್ಕದಲ್ಲೇ ಕೂತು, ಯಾವ ಪದ ಎಲ್ಲಿ ಮುರಿಯುತ್ತಿದ್ದಿರಿ ಎಂದು ಕೇಳಿ ಕೇಳಿ ಬರೆದುಕೊಂಡ. ಸಾಲಿನ ಕೊನೆಯಲ್ಲಾಗಲಿ ಮೊದಲಲ್ಲಾಗಲಿ ಒಂಟಿ ಅಕ್ಷರ ಉಳಿಯಬಾರದು, ಕಡಿಮೆಯೆಂದರೆ ಎರಡಿರಬೇಕು ಎಂಬ ನಿಯಮ ನಮ್ಮ ಕೋಡಿಗೆ ಬಂದದ್ದು ಅವರಿಂದ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಅಚ್ಚುಕೂಟ ಇಟ್ಟು, 1843ರಲ್ಲಿ ಮಂಗಳೂರ ಸಮಾಚಾರ ಹೊರತಂದ ಊರು ಇದು. 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾದದ್ದೂ ಇಲ್ಲೇ. ಕನ್ನಡದ ಸಾಲನ್ನು ಎಲ್ಲಿ ಮುರಿಯಬೇಕು ಎಂದು ತಿಳಿದ ಕೈಗಳಿಗೆ ಇಲ್ಲಿ ಬರ ಇರಲಿಲ್ಲ. ಕೇಳುವವರು ಕಡಿಮೆ.

ಅಕ್ಷರದ ಅಂಚನ್ನು ಯಂತ್ರಕ್ಕೆ ಹೇಳಿಕೊಡುವುದು ಹೇಗೆ? ಇಲ್ಲಿ ಸ್ವಲ್ಪ ಓದಿಕೊಂಡ ಹುಡುಗರು ಎಡವುತ್ತಾರೆ. ಯೂನಿಕೋಡ್‌ನವರ 29ನೇ ಅನುಬಂಧದಲ್ಲಿ ಇದಕ್ಕೆಂದೇ ನಿಯಮಗಳಿವೆ. ಪರ್ಲ್‌ನ ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಎಂದು ಬರೆದರೆ ಆ ನಿಯಮದಂತೆ ತುಂಡುಗಳು ಸಿಗುತ್ತವೆ. ಪೈತಾನಿನ ಜೊತೆಗೇ ಬರುವ ಮಾಡ್ಯೂಲಿನಲ್ಲಿ ಅದು ಇಲ್ಲ, ಬೇರೆಯಾಗಿ ಹಾಕಿಕೊಳ್ಳುವ ರೆಜೆಕ್ಸ್ ಮಾಡ್ಯೂಲಿನಲ್ಲಿ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಅದೇ ಕೆಲಸದ ಸೆಗ್ಮೆಂಟರ್ ಇದೆ. ಇವನ್ನು ಕಂಡ ಕೂಡಲೇ "ಸಿಕ್ಕಿತು" ಎಂದು ಕುಣಿಯಬೇಡಿ. ಗುಣಿತದ ಚಿಹ್ನೆ ಒಂಟಿಯಾಗುವುದನ್ನು ಇವು ತಪ್ಪಿಸುತ್ತವೆ, ಚುಕ್ಕಿ ವೃತ್ತ ಹೋಗುತ್ತದೆ. ಆದರೆ ಒತ್ತಕ್ಷರವನ್ನು ಇಡಿಯಾಗಿ ಉಳಿಸುವ ನಿಯಮ ಆ ಅನುಬಂಧಕ್ಕೆ ಸೇರಿದ್ದೇ 2023ರ 15.1ನೇ ಆವೃತ್ತಿಯಲ್ಲಿ. ಆಗ ಅದು ಅನ್ವಯಿಸಿದ ಲಿಪಿಗಳಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಅಕ್ಕಪಕ್ಕದ ಲಿಪಿಗಳಿಗೆ ಸಿಕ್ಕಿದ್ದು ನಮಗೆ ಸಿಗದ ಕಾರಣ, ಅದನ್ನು ನಂಬಿದರೆ ಕನ್ನಡ ಎಂಬ ಪದವೇ ಕ, ನ್, ನ, ಡ ಎಂದು ನಾಲ್ಕು ತುಂಡಾಗುತ್ತದೆ. ನಿಮ್ಮ ಕೈಯಲ್ಲಿರುವ ಆವೃತ್ತಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೀವೇ ಓಡಿಸಿ ನೋಡಬೇಕು.

ನಾನು ಮಾಡುವುದು ಇಷ್ಟೇ. ಸಿಕ್ಕ ತುಂಡು ಹಲಂತದಲ್ಲಿ ಮುಗಿದು, ಮುಂದಿನ ತುಂಡು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸುತ್ತೇನೆ, ಸೇರಿಸಲು ಬೇರೆ ತುಂಡು ಇಲ್ಲವಾಗುವವರೆಗೂ ಹೀಗೆಯೇ. ಹಲಂತದ ಆಮೇಲೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಬಿಡಿಸುವ ಗುರುತು ಇದ್ದರೆ ಸೇರಿಸುವುದಿಲ್ಲ. ಕಾರ್‌ಸ್ಟ್ರೀಟ್ ಎಂದು ಬರೆಯುವಾಗ ರ್ ಮತ್ತು ಸ್ಟ್ರೀ ನಡುವೆ ಇರುವುದು ಅದೇ ಗುರುತು. ಕೆಲವರು "ಕಾಣದ ಕಸ ಎಲ್ಲ ತೆಗೆದುಬಿಟ್ಟೆ ಸರ್" ಎಂದು ಅದನ್ನು ಅಳಿಸಿ ಬರುತ್ತಾರೆ. ಆಮೇಲೆ ರಥಬೀದಿಯ ಅಂಗಡಿಗಳ ವಿಳಾಸವೆಲ್ಲ "ಕಾರ್ಸ್ಟ್ರೀಟ್" ಆಗಿ, ಸ ಕಾರದ ಕೆಳಗೂ ಪಕ್ಕದಲ್ಲೂ ಒತ್ತುಗಳ ಜಾತ್ರೆ. ಅದು ಕಸವಲ್ಲ, ಬರೆದವರು ಬೇಕೆಂದೇ ಹಾಕಿದ್ದು.

ಎಣಿಸುವ ಮೊದಲು ಪಠ್ಯವನ್ನು ಯೂನಿಕೋಡ್‌ನ ಸಂಯೋಜಿತ (ಬಿಡಿ ಚಿಹ್ನೆಗಳನ್ನು ಒಂದಾಗಿಸಿದ) ರೂಪಕ್ಕೆ ತರುವುದನ್ನೂ ಮರೆಯಬೇಡಿ. ಅದೇ ಶೋ ಕೆಲವು ಕಡೆಯಿಂದ ಎರಡರ ಬದಲು ನಾಲ್ಕು ಕೋಡ್ ಪಾಯಿಂಟಾಗಿ ಬರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದಾದರೆ ಇದು ಯಾವುದೂ ನಡೆಯದು, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿ. ರಶೀದಿಗೆ ಅಕ್ಷರ ಎಣಿಸುವುದೂ ಸರಿಯಾದ ದಾರಿಯಲ್ಲ. 58 ಮಿಲಿಮೀಟರಿನ ಥರ್ಮಲ್ ಪ್ರಿಂಟರಿನಲ್ಲಿ ಸಾಲಿಗೆ 32 ಎನ್ನುವುದು ಅದರೊಳಗೇ ಇರುವ ಇಂಗ್ಲಿಷ್ ಅಕ್ಷರಗಳ ಲೆಕ್ಕ. ಸಾಮಾನ್ಯವಾಗಿ ಅಗಲಕ್ಕೆ 384 ಚುಕ್ಕಿ, ಅಕ್ಷರಕ್ಕೆ 12 ಚುಕ್ಕಿ. 80 ಮಿಲಿಮೀಟರಿನದ್ದಾದರೆ 576 ಚುಕ್ಕಿ, 48 ಅಕ್ಷರ. ಕನ್ನಡವನ್ನು ನಾವು ಬಹುಪಾಲು ಚಿತ್ರವಾಗಿ ಮಾಡಿ ಕಳಿಸುತ್ತೇವೆ. ಚಿತ್ರದಲ್ಲಿ ರ ಕಾರಕ್ಕೂ ಝೌ ಎಂಬುದಕ್ಕೂ ಒಂದೇ ಅಗಲ ಇರುತ್ತದೆಯೇ? ಹಾಗಾಗಿ ಪದವೊಂದನ್ನು ಸಾಲಿಗೆ ಸೇರಿಸಿ, ಇಡೀ ಸಾಲನ್ನು ಅಚ್ಚು ಹಾಕುವ ಫಾಂಟಿನಲ್ಲೇ ಅಳೆಯಬೇಕು. 384 ದಾಟಿದರೆ ಆ ಪದ ಕೆಳಗಿನ ಸಾಲಿಗೆ. ಆ ಒಂದೇ ಪದವೇ 384 ದಾಟಿದರೆ ಮಾತ್ರ ಮೇಲೆ ಹೇಳಿದ ಕತ್ತರಿ. ಪೈತಾನಿನಲ್ಲಿ ಚಿತ್ರ ಮಾಡಲು ಪಿಲ್ಲೋ ಬಳಸುವವರು ಅದರಲ್ಲಿ ಅಕ್ಷರ ಜೋಡಿಸುವ ರಾಕ್ಮ್ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಒತ್ತುಗಳು ಕೂರುವುದೇ ಇಲ್ಲ, ಅಳತೆಯೂ ಸುಳ್ಳು. ನಿಮ್ಮ ಪ್ರಿಂಟರಿನ ಅಂಕಿಗಳು ಬೇರೆ ಇರಬಹುದು, ಕೈಪಿಡಿ ತೆರೆಯಿರಿ.

"ರೂ. 500" ಎಂಬುದು ಎರಡು ಸಾಲಿಗೆ ಹರಿದು ಹೋಗುವುದಕ್ಕೂ ಮದ್ದಿದೆ. ನಡುವೆ ಮುರಿಯದ ಖಾಲಿ ಜಾಗ ಹಾಕಿ. ಟೆಕ್ಸ್ಟ್‌ರ‍್ಯಾಪ್ ಅದನ್ನು ಮುಟ್ಟುವುದಿಲ್ಲ. ಪೈತಾನಿನ ಸ್ಪ್ಲಿಟ್ ಆಜ್ಞೆಯನ್ನು, ಎಲ್ಲಿ ಬಿಡಿಸಬೇಕೆಂದು ಹೇಳದೆ, ಕರೆದರೆ ಮಾತ್ರ ಅದು ಅಲ್ಲಿಯೂ ಕತ್ತರಿಸುತ್ತದೆ. ಪರೀಕ್ಷೆಗೆ ಕಮಲ, ನಗರ ಎಂಬ ಪದಗಳನ್ನು ಕೊಟ್ಟು "ಕನ್ನಡದಲ್ಲೂ ಸರಿ ಬಂತು" ಎನ್ನಬೇಡಿ. ಸುಬ್ರಹ್ಮಣ್ಯ, ಸ್ವಾತಂತ್ರ್ಯ, ಕುಂಕುಮಾರ್ಚನೆ, ಕಾರ್‌ಸ್ಟ್ರೀಟ್ ಕೊಡಿ.

ಈಗಾಗಲೇ ಕತ್ತರಿಸಿ ಡೇಟಾಬೇಸಿನಲ್ಲಿ ಇಟ್ಟದ್ದರ ಕತೆ ಬೇರೆ. ವಿಳಾಸ 1, ವಿಳಾಸ 2, ವಿಳಾಸ 3 ಎಂದು ತಲಾ 30ರ ಮೂರು ಕಾಲಂ ಮಾಡಿ ಸದಸ್ಯರ ವಿಳಾಸ ತುಂಬಿದ ಸಂಘಗಳು ಎಷ್ಟೋ ಇವೆ. ಅವನ್ನು ಮತ್ತೆ ಜೋಡಿಸುವಾಗ ನಡುವೆ ಖಾಲಿ ಜಾಗ ಹಾಕಿದರೆ ಮುರಿದ ಒತ್ತಕ್ಷರ ಮುರಿದೇ ಉಳಿಯುತ್ತದೆ. ತುಂಡು ಸರಿಯಾಗಿ 30 ಕೋಡ್ ಪಾಯಿಂಟು ಇದ್ದರೆ ಜಾಗ ಬಿಡದೆ ಜೋಡಿಸಿ. 29 ಇದ್ದರೆ ಕೊನೆಯ ಖಾಲಿ ಜಾಗವನ್ನು ಯಾರೋ ಕತ್ತರಿಸಿದ್ದಾರೆ ಎಂದು ತಿಳಿದು ಅದನ್ನು ವಾಪಸ್ ಹಾಕಿ. ಹೆಚ್ಚಿನವು ಸರಿಹೋಗುತ್ತವೆ. ಆದರೆ ಮುಂದಿನ ತುಂಡಿನ ಮೊದಲಿನ ಖಾಲಿ ಜಾಗ ಹೋಗಿದ್ದರೆ "ದೇರೆಬೈಲುಕೊಂಚಾಡಿ" ಎಂದು ಎರಡು ಊರು ಅಂಟಿಕೊಂಡು ಬರುತ್ತವೆ. ಅದನ್ನು ಯಾವ ಸ್ಕ್ರಿಪ್ಟೂ ಬಿಡಿಸಲಾರದು. ಪಟ್ಟಿಯನ್ನು ಮುದ್ರಿಸಿ, ಆ ಭಾಗದ ಮನೆಗಳು ಗೊತ್ತಿರುವ ಒಬ್ಬರನ್ನು ಕೂರಿಸಿ ಓದಿಸಬೇಕು. ಅದರ ಸಂಬಳವನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸಿ.