ನ್ಯೂಟನ್ ಮನೆಯ ಗೋಡೆಗೆ ಸಿಮೆಂಟ್ ಏಕೆ ಕೂಡದು

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಗ್ರಾಂಥಮ್ ಪಟ್ಟಣದ ದಕ್ಷಿಣಕ್ಕೆ ವುಲ್ಸ್‌ಥಾರ್ಪ್ ಎಂಬ ಸಣ್ಣ ಊರಿದೆ. ಐಸಾಕ್ ನ್ಯೂಟನ್ ಹುಟ್ಟಿದ್ದು ಅಲ್ಲಿ. ಆ ಮನೆಯನ್ನು ನೋಡಲು ಬರುವವರ ಕಣ್ಣೆಲ್ಲ ತೋಟದ ಸೇಬಿನ ಮರದ ಮೇಲೆಯೇ ಇರುತ್ತದೆ. ಅಷ್ಟೇ ಆಸ್ಥೆಯಿಂದ ಮನೆಯ ಗೋಡೆಯನ್ನೂ ನೋಡಬೇಕು ಎನ್ನುವವನು ನಾನು. 17ನೇ ಶತಮಾನದ ಈ ಕಲ್ಲಿನ ಮನೆಯಲ್ಲಿ ಬಾಳಿದ್ದು ಕುರಿ ಸಾಕಿ, ಹೊಲ ಉತ್ತು ಬದುಕಿದ ಕುಟುಂಬ. ಕಟ್ಟಿದವರಿಗೆ ಭೌತಶಾಸ್ತ್ರ ಓದಿ ಗೊತ್ತಿರಲಿಲ್ಲ. ಆದರೂ ಗೋಡೆಯ ಪ್ರತಿಯೊಂದು ಸಂದಿನಲ್ಲಿ ಅದು ಕೆಲಸ ಮಾಡುತ್ತಿದೆ.

ಮೊದಲು ಕಲ್ಲಿನ ಮಾತು. ಆ ಸೀಮೆಯ ನೆಲದಡಿ ಇರುವುದು ಸುಮಾರು 17 ಕೋಟಿ ವರ್ಷ ಹಳೆಯ ಸುಣ್ಣಕಲ್ಲು. ಆಗ ಅಲ್ಲಿ ಬೆಚ್ಚನೆಯ, ಆಳವಿಲ್ಲದ ಕಡಲಿತ್ತು. ಅಲೆಗಳ ಹೊಯ್ದಾಟದಲ್ಲಿ ಉರುಳುತ್ತಿದ್ದ ಮರಳಿನ ಹರಳು, ಚಿಪ್ಪಿನ ಚೂರುಗಳ ಸುತ್ತ ಸುಣ್ಣ ಪದರ ಪದರವಾಗಿ ಅಂಟಿ, ಸಾಸಿವೆಗಿಂತ ಸಣ್ಣ ಗುಂಡುಗಳಾದವು. ಅವು ಒಟ್ಟುಗೂಡಿ ಬೆಸೆದುಕೊಂಡ ಕಲ್ಲನ್ನು ಯಾವ ದಿಕ್ಕಿನಲ್ಲಾದರೂ ಕೆತ್ತಬಹುದು. ನೆಲದಿಂದ ತೆಗೆದಾಗ ಒಳಗೆ ತೇವವಿದ್ದು ಮೆತ್ತಗಿರುತ್ತದೆ, ಒಣಗುತ್ತಾ ಹೊರಮೈ ಗಟ್ಟಿಯಾಗುತ್ತದೆ. ಬಾಲಕ ನ್ಯೂಟನ್ ಈ ಮನೆಯ ಗೋಡೆಯಲ್ಲಿ ನೆರಳು ಗಡಿಯಾರಗಳನ್ನು ಕೊರೆದಿದ್ದನೆಂದು ಹೇಳುತ್ತಾರೆ. ಹಾಗೆ ಉಳಿದುಬಂದ ಒಂದು ಕಲ್ಲು ಪಕ್ಕದ ಕೋಲ್‌ಸ್ಟರ್‌ವರ್ತ್ ಚರ್ಚಿನಲ್ಲಿದೆ, ಇನ್ನೊಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿದೆ.

ಕಿಟಕಿಗಳನ್ನು ನೋಡಿ. ಅಗಲವಾದ ಒಂದೇ ತೆರಪು ಇಲ್ಲ. ನಡುನಡುವೆ ಕಲ್ಲಿನ ಕಿರುಗಂಬಗಳಿವೆ. ಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತದೆ, ಬಾಗಿಸಿದರೆ ಸೀಳುತ್ತದೆ. ಮೇಲಿನ ಅಡ್ಡಕಲ್ಲು ಬಾಗದಂತೆ ಈ ಕಿರುಗಂಬಗಳು ಆನಿಕೆ ಕೊಡುತ್ತವೆ. ಆ ಕಾಲದಲ್ಲಿ ಗಾಜು ದುಬಾರಿ, ದೊಡ್ಡ ಹಾಳೆಗಳೂ ಸಿಗುತ್ತಿರಲಿಲ್ಲ. 1665ರಲ್ಲಿ ಪ್ಲೇಗ್‌ನಿಂದ ಕೇಂಬ್ರಿಜ್ ಮುಚ್ಚಿದಾಗ ಊರಿಗೆ ಮರಳಿದ ಯುವಕ ನ್ಯೂಟನ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳನ್ನು ಬಿಡಿಸಿದ್ದು ಇಂಥ ಕಿಟಕಿಯ ಕೋಣೆಯಲ್ಲೇ.

ಆದರೆ ಜಾಣ್ಮೆಯೆಲ್ಲ ಅಡಗಿರುವುದು ಗೋಡೆಯ ಹೊಟ್ಟೆಯಲ್ಲಿ. ಆ ಕಾಲದ ಇಂಥ ಗೋಡೆಗಳು ಸಾಮಾನ್ಯವಾಗಿ ಅರ್ಧ ಮೀಟರಿಗೂ ದಪ್ಪ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು. ನಡುವೆ ಕಲ್ಲುಚೂರು ಮತ್ತು ಗಾರೆ. ಆ ಗಾರೆಯೂ ಸುಣ್ಣಕಲ್ಲಿನಿಂದಲೇ ಬಂದದ್ದು. ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ; ನೀರು ಹಾಕಿದರೆ ಸುಣ್ಣ ಅರಳುತ್ತದೆ; ಮರಳು ಬೆರೆಸಿ ಸಂದಿಗೆ ತುಂಬಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ.

ಹೀಗಾದ ಗಾರೆ ಕಲ್ಲಿಗಿಂತ ಮೃದು, ಸಣ್ಣ ರಂಧ್ರಗಳಿಂದ ಕೂಡಿದ್ದು. ಮಳೆಯಲ್ಲಿ ಗೋಡೆ ನೆನೆಯುತ್ತದೆ, ಗಾಳಿ ಬೀಸಿದಾಗ ತೇವ ಸಂದುಗಳ ಮೂಲಕ ಆವಿಯಾಗುತ್ತದೆ. ನೀರಿನೊಡನೆ ಬಂದ ಲವಣ ಹರಳುಗಟ್ಟಿದರೆ ಉದುರುವುದು ಗಾರೆ, ಕಲ್ಲು ಉಳಿಯುತ್ತದೆ. ಉದುರಿದ ಗಾರೆಯನ್ನು ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು.

20ನೇ ಶತಮಾನದಲ್ಲಿ ಇಂಗ್ಲೆಂಡಿನ ಎಷ್ಟೋ ಹಳೆಯ ಮನೆಗಳಿಗೆ ಬಂದ ಕೇಡು ಸಿಮೆಂಟಿನದು. ಗಟ್ಟಿಯಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಸಂದುಗಳಿಗೆ ಸಿಮೆಂಟ್ ಮೆತ್ತಿದರು. ತೇವಕ್ಕೆ ಹೊರದಾರಿ ಮುಚ್ಚಿತು. ಅದು ಕಲ್ಲಿನ ಮೂಲಕವೇ ಹೊರಬೀಳಬೇಕಾಯಿತು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕಲ್ಲಿನ ಮುಖ ಹಕ್ಕಳೆ ಹಕ್ಕಳೆಯಾಗಿ ಕಳಚಿಬೀಳುತ್ತದೆ, ಸಿಮೆಂಟಿನ ಗೀಟುಗಳು ಮಾತ್ರ ಮುಂದೆ ಚಾಚಿಕೊಂಡು ನಿಲ್ಲುತ್ತವೆ. ಶತಮಾನಗಳ ಮಳೆಯನ್ನು ತಡೆದುಕೊಂಡ ಕಲ್ಲು ದುರಸ್ತಿಯಿಂದ ಹಾಳಾಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ವುಲ್ಸ್‌ಥಾರ್ಪ್ ಮನೆ ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅತ್ಯುನ್ನತವಾದ ಮೊದಲ ದರ್ಜೆಯಲ್ಲಿದೆ. ಪಟ್ಟಿಗೆ ಸೇರಿದ ಕಟ್ಟಡದ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು ಅಲ್ಲಿ ಅಪರಾಧ. ಒಳಗೋಡೆಗಳಿಗೂ ಈ ರಕ್ಷಣೆ ಅನ್ವಯಿಸುತ್ತದೆ. ಇದು ಅತಿಯಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2017ರಲ್ಲಿ ಸಂಶೋಧಕರು ಇದೇ ಮನೆಯ ಗೋಡೆಯ ಮೇಲೆ ಬೇರೆ ಬೇರೆ ಕೋನಗಳಿಂದ ಬೆಳಕು ಬಿಟ್ಟು ಚಿತ್ರಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿದರು. ಒಲೆಯ ಪಕ್ಕದಲ್ಲಿ ಬರಿಗಣ್ಣಿಗೆ ಕಾಣದ ಗಾಳಿಗಿರಣಿಯ ಗೀಚುಚಿತ್ರ ಕಂಡಿತು. ಅದನ್ನು ಬಾಲಕ ನ್ಯೂಟನ್ನನೇ ಗೀಚಿರಬಹುದೆಂದು ಭಾವಿಸಲಾಗಿದೆ. ಹಳೆಯ ಮೇಲ್ಮೈಯನ್ನು ಯಾರಾದರೂ ಕೆತ್ತಿ ನುಣುಪು ಮಾಡಿದ್ದರೆ ಆ ಗೆರೆಗಳು ಇರುತ್ತಿರಲಿಲ್ಲ.

ಕಟ್ಟಡವನ್ನು ಹೀಗೆ ಉಳಿಸಬೇಕಾದರೆ ಹಳೆಯ ಸಾಮಗ್ರಿಯೂ ಸಿಗಬೇಕು. ದಕ್ಷಿಣ ಲಿಂಕನ್‌ಶೈರ್ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಅನೇಕ ಮನೆಗಳ ಸೂರಿಗೆ ಕಾಲಿವೆಸ್ಟನ್ ಎಂಬ ಊರಿನ ತೆಳು ಸುಣ್ಣಕಲ್ಲಿನ ಹಲಗೆಗಳಿವೆ. ಇಲ್ಲಿ ಹೆಪ್ಪುಗಟ್ಟುವ ನೀರೇ ಕುಶಲಕರ್ಮಿ. ನೆಲದಡಿಯಿಂದ ತೆಗೆದ ಬಂಡೆಗಳನ್ನು ಒಣಗಲು ಬಿಡದೆ, ನೀರು ಹಾಕುತ್ತಾ ಚಳಿಗಾಲವಿಡೀ ಬಯಲಿನಲ್ಲಿ ಇಡುತ್ತಿದ್ದರು. ಪದರಗಳ ನಡುವಿನ ನೀರು ಹಿಗ್ಗಿ ಬಂಡೆಯನ್ನು ಸಡಿಲಿಸುತ್ತಿತ್ತು. ಆಮೇಲೆ ಸುತ್ತಿಗೆಯ ಹಗುರ ಏಟಿಗೆ ಹಲಗೆಗಳು ಬಿಡಿಸಿಕೊಳ್ಳುತ್ತಿದ್ದವು. ಚಳಿಗಾಲಗಳು ಬೆಚ್ಚಗಾಗುತ್ತಾ ಈ ಕಸುಬು ಬಹುಮಟ್ಟಿಗೆ ನಿಂತೇಹೋಯಿತು. ಇತ್ತೀಚಿನ ವರ್ಷಗಳಲ್ಲಿ ಬಂಡೆಗಳನ್ನು ಶೀತಲ ಕೋಣೆಯಲ್ಲಿಟ್ಟು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ, ಕರಗಿಸಿ ಸೀಳುವ ವಿಧಾನ ಕೈಗೂಡಿದೆ. ನಾರ್ತಾಂಪ್ಟನ್‌ಶೈರ್‌ನ ಅಪೆಥಾರ್ಪ್ ಅರಮನೆಯ ಸೂರಿನ ದುರಸ್ತಿಗೆ ಹಾಗೆ ತಯಾರಾದ ಹಲಗೆಗಳನ್ನೇ ಬಳಸಿದರು.