ಆಡಿನ ಬೆದೆ: ಮೊದಲು ಹಿಂಡಿ, ಆಮೇಲೆ ಸೂಜಿ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಆಡುಗಳು ಯುರೋಪಿನ ತಳಿಗಳ ಹಾಗೆ ಹಗಲು ಕುಗ್ಗಲೆಂದು ಕಾಯುವುದಿಲ್ಲ. ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲವು. ಇಲ್ಲಿ ಬೆದೆಯನ್ನು ತಡೆಯುವುದು ಮೇವಿನ ಕೊರತೆ. ಬೇಸಿಗೆಯಲ್ಲಿ ಮೈ ಇಳಿದರೆ ಅಂಡ ಬಲಿಸುವ ಎಲ್‌.ಎಚ್‌. ಹಾರ್ಮೋನಿನ ಮಿಡಿತ ವಿರಳವಾಗುತ್ತದೆ, ಅಂಡವನ್ನು ಹೊತ್ತ ಗುಳ್ಳೆ (ಅಂಡಕೋಶಕ) ಪೂರ್ತಿ ಬಲಿಯುವುದಿಲ್ಲ. ಅಂಥ ಆಡಿಗೆ ಬೆದೆ ತರಿಸುವ ಸೂಜಿ ಹಾಕಿದರೆ ಬೆದೆ ಕಂಡೀತು, ಗಬ್ಬ ನಿಲ್ಲುವುದು ಕಷ್ಟ.

ಮೈಯ ಸ್ಥಿತಿಯನ್ನು 1ರಿಂದ 5ರ ಅಂಕದಲ್ಲಿ ಅಳೆಯುತ್ತಾರೆ. ಹೋತ ಬಿಡುವಾಗ ಅದು 2.5ರಿಂದ 3.5ರ ನಡುವೆ ಇರಬೇಕು. ಬೆನ್ನು ಮಾತ್ರ ಮುಟ್ಟಿ ನೋಡಿದರೆ ಮೋಸ ಹೋಗುತ್ತೇವೆ. ಆಡು ಕೊಬ್ಬನ್ನು ಎದೆಮೂಳೆಯ ಕೆಳಗೆ, ಹೊಟ್ಟೆಯೊಳಗೆ ಕೂಡಿಡುತ್ತದೆ. ಎದೆಮೂಳೆಯನ್ನೂ ಹಿಡಿದು ನೋಡಿ.

ಹೋತ ಬಿಡುವ ಮೂರು ವಾರ ಮೊದಲು ದಿನಕ್ಕೆ 250 ಗ್ರಾಂ ದಾಣಿ ಶುರು. 10 ಕಿಲೋಗೆ ಗೋವಿನಜೋಳದ ನುಚ್ಚು 4.5, ಗೋಧಿ ಬೂಸಾ 3.2, ಶೇಂಗಾ ಹಿಂಡಿ 2 ಕಿಲೋ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಸುಮಾರು ಶೇ. 17 ಪ್ರೋಟೀನ್ ಬರುತ್ತದೆ. 100 ಗ್ರಾಂನಿಂದ ಆರಂಭಿಸಿ ವಾರದಲ್ಲಿ ಏರಿಸಿ. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಜಂತಿನ ಔಷಧವೂ ಈಗಲೇ ಮುಗಿಯಲಿ, ಏಕೆಂದರೆ ಗಬ್ಬದ ಆರಂಭದಲ್ಲಿ ಆಲ್ಬೆಂಡಜೋಲ್ ಭ್ರೂಣಕ್ಕೆ ಅಪಾಯ. ಕಾರ್ಖಾನೆ ಹಂಗಾಮಿನಲ್ಲಿ ಕಬ್ಬಿನ ವಾಡಿ (ತುದಿಯ ಸೋಗೆ) ಪುಕ್ಕಟೆ ಸಿಗುತ್ತದೆಂದು ಅದನ್ನೇ ಹಾಕುವವರುಂಟು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ಈಗಾಗಲೇ ದಪ್ಪಗಿರುವ ಆಡಿಗೆ ಈ ದಾಣಿಯಿಂದ ಲಾಭವಿಲ್ಲ.

ಇನ್ನು ಎಲ್ಲ ಆಡುಗಳನ್ನೂ ಒಟ್ಟಿಗೆ ಬೆದೆಗೆ ತರುವ ಸೂಜಿ. ಪ್ರೋಸ್ಟಾಗ್ಲಾಂಡಿನ್ ಎಂಬ ಈ ಔಷಧ ಅಂಡಾಶಯದ ಹಳದಿ ಕಾಯವನ್ನು, ಅಂದರೆ ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆದು ಮುಂದಿನ ಬೆದೆಯನ್ನು ತಡೆಯುವ ಗಂಟನ್ನು, ಕರಗಿಸುತ್ತದೆ. ಕರಗಿಸಲು ಅದು ಇರಬೇಕಲ್ಲ! ಬೆದೆಯಿಂದ ಬೆದೆಗೆ 21 ದಿನದ ಚಕ್ರದಲ್ಲಿ ಸುಮಾರು 5ರಿಂದ 16ನೇ ದಿನದವರೆಗೆ ಮಾತ್ರ ಅದು ಔಷಧಕ್ಕೆ ಬಗ್ಗುತ್ತದೆ. ಅದಕ್ಕೇ 11 ದಿನದ ಅಂತರದಲ್ಲಿ ಎರಡು ಸೂಜಿ. ಲೆಕ್ಕ ಹಾಕಿ ನೋಡಿ: ಮೊದಲ ಸೂಜಿಯ ದಿನ 3ನೇ ದಿನದಲ್ಲಿದ್ದ ಆಡು ಸುಮ್ಮನಿರುತ್ತದೆ, 11 ದಿನ ಕಳೆದರೆ 14ಕ್ಕೆ ಬಂದಿರುತ್ತದೆ. 18ರಲ್ಲಿದ್ದದ್ದು ಮೂರು ದಿನಕ್ಕೆ ತಾನೇ ಬೆದೆಗೆ ಬಂದು 8ನೇ ದಿನದಲ್ಲಿರುತ್ತದೆ. 10ರಲ್ಲಿದ್ದದ್ದು ಎರಡು ದಿನದಲ್ಲಿ ಬೆದೆಗೆ ಬಂದು 9ರಲ್ಲಿರುತ್ತದೆ. ಎರಡನೇ ಸೂಜಿಗೆ ಮೂರೂ ಬಗ್ಗುತ್ತವೆ. ಹೆಚ್ಚಿನವು ಎರಡು-ಮೂರು ದಿನದೊಳಗೆ ಬೆದೆ ತೋರಿಸುತ್ತವೆ.

ಆಡಿನ ಗಬ್ಬ ಐದೂ ತಿಂಗಳು ಇದೇ ಹಳದಿ ಕಾಯದ ಮೇಲೆ ನಿಂತಿರುವುದರಿಂದ, ಗಬ್ಬದ ಆಡಿಗೆ ಈ ಸೂಜಿ ಬಿದ್ದರೆ ಕಂದು ಹಾಕುತ್ತದೆ. ಅಮೀನಗಡ ಸಂತೆಯಿಂದ ತಂದ ಆಡನ್ನು ಸ್ಕ್ಯಾನ್ ಮಾಡಿಸದೆ ಚುಚ್ಚಬೇಡಿ. ಔಷಧ ಚರ್ಮದ ಮೂಲಕವೂ ಒಳಹೋಗುತ್ತದೆ: ಗರ್ಭಿಣಿಯರು, ಅಸ್ತಮಾ ಇದ್ದವರು ಬಾಟಲಿ ಮುಟ್ಟಲೇಬಾರದು. ಪ್ರಮಾಣ ಪಶುವೈದ್ಯರದೇ.

ಚಕ್ರವೇ ನಿಂತ ಆಡಿಗೆ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಸ್ಪಂಜು ಬೇಕು. ಸಾಮಾನ್ಯವಾಗಿ 11ರಿಂದ 14 ದಿನ ಇಟ್ಟು, ತೆಗೆಯುವಾಗ ಗಬ್ಬದ ಕುದುರೆಯ ರಕ್ತದಿಂದ ಪಡೆದ ಹಾರ್ಮೋನಾದ ಪಿ.ಎಂ.ಎಸ್‌.ಜಿ. 300–400 ಐ.ಯು. ಕೊಡುತ್ತಾರೆ. ತೆಗೆದಾಗ ನಾರುವ ದ್ರವ ಬಂದರೆ ಗಾಬರಿ ಬೇಡ. ಅದೇ ಆಡಿಗೆ ಪಿ.ಎಂ.ಎಸ್‌.ಜಿ. ಮತ್ತೆ ಮತ್ತೆ ಕೊಟ್ಟರೆ ಪ್ರತಿಕಾಯ ಹುಟ್ಟಿ ಬೆದೆ ತಡವಾಗುತ್ತದೆ, ಫಲ ಇಳಿಯುತ್ತದೆ.

ಇಷ್ಟೆಲ್ಲ ಮಾಡಿ ಹೋತವನ್ನು ಮರೆಯುವುದೇ ಹೆಚ್ಚು. ಮಾಮೂಲಿಗೆ 20–25 ಆಡಿಗೆ ಒಂದು ಹೋತ ಸಾಕು. ಎಲ್ಲವೂ ಒಟ್ಟಿಗೆ ಬೆದೆಗೆ ಬಂದಾಗ ಐದಾರಕ್ಕೊಂದು ಬೇಕು. ವೀರ್ಯಾಣು ತಯಾರಾಗಲು ಸುಮಾರು ಏಳೆಂಟು ವಾರ ಹಿಡಿಯುತ್ತದೆ, ಆದ್ದರಿಂದ ಅದರ ದಾಣಿ ಎರಡು ತಿಂಗಳು ಮೊದಲೇ ಶುರುವಾಗಲಿ. ಹತ್ತಿಕಾಳಿನ ಹಿಂಡಿ ಹೋತಕ್ಕೆ ಬೇಡ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ವೀರ್ಯ ಕೆಡಿಸುತ್ತದೆ.

ಹೋತ ಹಾರಿದ ಮೇಲೂ ಮೂರು ವಾರ ದಾಣಿ ಮುಂದುವರಿಯಲಿ, ಏರಿಸಬೇಡಿ. 19ರಿಂದ 21ನೇ ದಿನಕ್ಕೆ ಗುಂಪಿನ ಬಹುಪಾಲು ಮತ್ತೆ ಬೆದೆಗೆ ಬಂದರೆ ಮೊದಲು ಹೋತವನ್ನು ಪರೀಕ್ಷಿಸಿ. ಅಲ್ಲೊಂದು ಇಲ್ಲೊಂದು, 25 ದಿನ ಕಳೆದ ಮೇಲೆ ತಿರುಗಿ ಬಂದರೆ ಗಬ್ಬ ಕಟ್ಟಿ ಭ್ರೂಣ ಸತ್ತಿರಬಹುದು. ಆಗ ಮೇವಿನ ಕಡೆ ನೋಡಿ.